ಜೂನ್‌ನಲ್ಲಿ ಒಂದನೇ ತರಗತಿಯ ನೋಟ್‌ಬುಕ್ ಖಾಲಿ ಇದ್ದರೆ ಗಾಬರಿ ಬೇಡ

ಮಾನ್ಯ ಸಂಪಾದಕರೇ,

ಶಾಲೆಗಳು ಶುರುವಾಗಿ ಕೆಲವು ವಾರ ಕಳೆಯುತ್ತಿದ್ದಂತೆ ನಮ್ಮ ಕಡೆಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳ ಬಾಗಿಲಲ್ಲಿ ಪ್ರತಿವರ್ಷ ಒಂದೇ ಪ್ರಶ್ನೆ ಕೇಳಿಬರುತ್ತದೆ: ‘ಮಿಸ್, ನಮ್ಮ ಮಗುವಿನ ಪುಸ್ತಕದಲ್ಲಿ ಇನ್ನೂ ಅ ಆ ಇ ಈ ಕೂಡ ಇಲ್ವಲ್ಲ, ದಿನಾ ಏನು ಮಾಡಿಸ್ತೀರಿ?’ ಪಕ್ಕದ ಮನೆಯ ಮಗು ಕಾನ್ವೆಂಟಿನಿಂದ ಬಂದು ನಾಲ್ಕು ಪುಟ ಕಾಪಿ ಬರೆಯುವುದನ್ನು ನೋಡಿದ ತಾಯಿಗೆ ಆತಂಕವಾಗುವುದು ಸಹಜ. ಆದರೆ ಈ ಆತಂಕದಲ್ಲೇ ಕೆಲವರು ಜುಲೈ ಮುಗಿಯುವುದರೊಳಗೆ ಟಿ.ಸಿ. ಕೇಳಿ ಮಗುವನ್ನು ಬೇರೆ ಶಾಲೆಗೆ ಸೇರಿಸುತ್ತಾರೆ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತು ಕಾರ್ಡುಗಳ ನೆರವಿನಿಂದ ತಮ್ಮ ವೇಗಕ್ಕೆ ತಕ್ಕಂತೆ ಕಲಿಯುವ ‘ನಲಿಕಲಿ’ ತರಗತಿಯಲ್ಲಿ ಬಹುಕಾಲ ಪಾಠ ಮಾಡಿ ನಿವೃತ್ತಳಾದ ನಾನು, ಈ ಮೊದಲ ತಿಂಗಳುಗಳಲ್ಲಿ ಆ ಮಕ್ಕಳು ನಿಜವಾಗಿ ಏನು ಕಲಿಯುತ್ತಾರೆ ಎಂಬುದನ್ನು ಪೋಷಕರಿಗೂ ಇಲಾಖೆಗೂ ಬಿಡಿಸಿ ಹೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಒಂದನೇ ತರಗತಿಗೆ ಬರುವ ಮಕ್ಕಳಲ್ಲಿ ಅಂಗನವಾಡಿಯಿಂದ ಬಂದವರಿದ್ದಾರೆ, ಯು.ಕೆ.ಜಿ. ಮುಗಿಸಿದವರಿದ್ದಾರೆ, ಅಪ್ಪ ಅಮ್ಮನ ಜೊತೆ ಕೂಲಿಗೆ ಊರೂರು ಅಲೆದು ಎಲ್ಲಿಯೂ ನೆಲೆಯಾಗಿ ಕುಳಿತಿರದ ಮಕ್ಕಳೂ ಇದ್ದಾರೆ. ಇವರೆಲ್ಲರನ್ನೂ ಒಂದೇ ಹದಕ್ಕೆ ತರುವುದಕ್ಕಾಗಿ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೊದಲ ಮೂರು ತಿಂಗಳ ಆಟದ ಕಲಿಕೆಯನ್ನು ಸೂಚಿಸಿತು. ಅದರಂತೆ ಕೇಂದ್ರದ ಪಠ್ಯಕ್ರಮ ಸಂಸ್ಥೆಯಾದ ಎನ್‌ಸಿಇಆರ್‌ಟಿ 2021ರಲ್ಲಿ ರೂಪಿಸಿದ ‘ವಿದ್ಯಾಪ್ರವೇಶ’ ನಮ್ಮ ರಾಜ್ಯದ ಶಾಲೆಗಳಲ್ಲೂ ಬಳಕೆಗೆ ಬಂದಿದೆ. ಮಕ್ಕಳು ವೃತ್ತದಲ್ಲಿ ಕುಳಿತು ಹಿಂದಿನ ದಿನ ಮನೆಯಲ್ಲಿ ನಡೆದದ್ದನ್ನು ಹೇಳುತ್ತಾರೆ, ಅಭಿನಯ ಗೀತೆ ಹಾಡುತ್ತಾರೆ, ಕಥೆ ಕೇಳುತ್ತಾರೆ, ಮಣ್ಣಿನಲ್ಲಿ ಗೊಂಬೆ ಮಾಡುತ್ತಾರೆ, ಬೆರೆಸಿಟ್ಟ ಅವರೆಕಾಳು ಹುರುಳಿಕಾಳನ್ನು ಬೇರೆ ಬೇರೆ ಮಾಡುತ್ತಾರೆ. ಹೊರಗೆ ನಿಂತು ನೋಡಿದವರಿಗೆ ಇದು ಹೊತ್ತು ಕಳೆಯುವ ಆಟದಂತೆ ಕಾಣುತ್ತದೆ. ಆದರೆ ಕಾಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದೊಂದಾಗಿ ಹಿಡಿದು ಎತ್ತುವಾಗ ಮಗುವಿಗೆ ಬರುವ ಹಿಡಿತವೇ ಮುಂದೆ ಪೆನ್ಸಿಲ್ ಹಿಡಿತವಾಗುತ್ತದೆ. ಆ ಬಲ ಬರುವ ಮೊದಲೇ ಬರೆಯಲು ಕೂರಿಸಿದರೆ ಮಗು ಇಡೀ ಮುಷ್ಟಿಯಿಂದ ಪೆನ್ಸಿಲ್ ಒತ್ತಿ ಹಿಡಿಯುತ್ತದೆ, ಹಾಳೆ ಹರಿಯುತ್ತದೆ, ಬೆರಳು ನೋಯುತ್ತದೆ, ಬರವಣಿಗೆ ಎಂದರೆ ಬೇಡ ಎನ್ನುವಂತಾಗುತ್ತದೆ.

ಅದೇ ರೀತಿ ಮಕ್ಕಳು ‘ಬಾಳೆಹಣ್ಣು’ ಎನ್ನುತ್ತ ಬಾ, ಳೆ, ಹ, ಣ್ಣು ಎಂದು ನಾಲ್ಕು ಬಾರಿ ಚಪ್ಪಾಳೆ ತಟ್ಟುತ್ತಾರೆ. ಮರ, ಮನೆ, ಮಲ್ಲಿಗೆ ಈ ಮೂರರಲ್ಲೂ ಮೊದಲು ಕೇಳುವ ಸದ್ದು ಯಾವುದೆಂದು ಹುಡುಕುತ್ತಾರೆ. ನುಡಿಯನ್ನು ಕಿವಿಯಲ್ಲಿ ಬಿಡಿಸಿಕೊಳ್ಳಲು ಬಾರದ ಮಗುವಿಗೆ ಹಲಗೆಯ ಮೇಲಿನ ಅಕ್ಷರ ಬರೀ ಚಿತ್ರವಾಗಿಯೇ ಉಳಿಯುತ್ತದೆ. ವರ್ಷವಿಡೀ ಕಾಪಿ ಬರೆದು ಅಕ್ಷರಗಳನ್ನೆಲ್ಲ ಮುತ್ತಿನಂತೆ ತಿದ್ದಬಲ್ಲ, ಆದರೆ ಎರಡಕ್ಷರದ ಪದವನ್ನು ಕೂಡಿಸಿ ಓದಲಾಗದ ಮಕ್ಕಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಇನ್ನು ಅಕ್ಷರಗಳ ಕ್ರಮದ ಮಾತು. ನಲಿಕಲಿಯಲ್ಲಿ ಮೊದಲು ಬರುವುದು ಅ ಆ ಇ ಈ ಅಲ್ಲ. ರ, ಗ, ಸ, ದ, ಅ. ಇದನ್ನು ಕಂಡು ‘ಇದೆಂಥ ಪಾಠ’ ಎಂದು ಬೇಸರಪಟ್ಟ ಅಜ್ಜಂದಿರಿದ್ದಾರೆ. ಅವರ ಅಸಮಾಧಾನ ನನಗೆ ಅರ್ಥವಾಗುತ್ತದೆ. ವರ್ಣಮಾಲೆಯ ಕ್ರಮ ನಮ್ಮ ಭಾಷೆಯ ದೊಡ್ಡ ಆಸ್ತಿ, ಅದನ್ನು ಹಾಡಿನಂತೆ ಬಾಯಲ್ಲಿ ಹೇಳಿಕೊಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಆದರೆ ಓದು ಕಲಿಸುವಾಗ ಲೆಕ್ಕ ಬೇರೆ. ಮೊದಲ ಆರು ಸ್ವರಗಳನ್ನು ಕಲಿತ ಮಗು ಅವಷ್ಟರಿಂದಲೇ ಆ, ಈ ಎಂಬುದನ್ನು ಬಿಟ್ಟರೆ ತನಗೆ ಗೊತ್ತಿರುವ ಪದಗಳನ್ನು ಓದಲಾರದು. ಈ ಐದು ಅಕ್ಷರ ಕಲಿತ ಮಗು ಅದೇ ವಾರ ಸರ, ಅರಸ, ಅಗಸ, ಗರಗಸ ಎಂದು ಓದುತ್ತದೆ. ಮುಂದಿನ ಗುಂಪಿನ ಜ, ವ, ಮ, ಬ, ನ ಸೇರಿದರೆ ಮರ, ಜನ, ವನ, ಬಸವನ ಬರುತ್ತವೆ. ಆಕಾರದಲ್ಲಿ ಹತ್ತಿರವಿರುವ ಅಕ್ಷರಗಳು ಹೀಗೆ ಗುಂಪಾಗಿ ಬರುವುದರಿಂದ ಕೈಗೂ ಸುಲಭ. ನಲವತ್ತೊಂಬತ್ತು ಅಕ್ಷರ, ಅದರ ಮೇಲೆ ಗುಣಿತಾಕ್ಷರ, ಅದರ ಮೇಲೆ ಒತ್ತಕ್ಷರ ಇರುವ ಲಿಪಿಯನ್ನು ಕಲಿಯಬೇಕಾದ ಮಗುವಿಗೆ ಮೊದಲ ವಾರದಲ್ಲೇ ‘ನಾನು ಓದಿದೆ’ ಎಂಬ ಸಂತೋಷ ಸಿಗುವುದು ಸಣ್ಣ ಮಾತಲ್ಲ. ಗರಗಸ ಎಂದು ತಾನೇ ಕೂಡಿಸಿ ಓದಿದ ಮಗು ಆ ಕಾರ್ಡನ್ನು ಅಷ್ಟು ಸುಲಭಕ್ಕೆ ಕೆಳಗಿಡುವುದಿಲ್ಲ. ಪಕ್ಕದವರಿಗೆ, ಅಡುಗೆಯವರಿಗೆ, ಬಂದು ಹೋದವರಿಗೆಲ್ಲ ಓದಿ ತೋರಿಸುತ್ತದೆ.

ಎರಡನೇ ಮತ್ತು ಮೂರನೇ ತರಗತಿಯವರೂ ಇದೇ ಕೋಣೆಯಲ್ಲಿರುತ್ತಾರೆ. ಏಪ್ರಿಲ್‌ನಿಂದ ಮೇ ಕೊನೆಯವರೆಗಿನ ರಜೆಯಲ್ಲಿ ಗುಣಿತಾಕ್ಷರ ಅರ್ಧಕ್ಕರ್ಧ ಮರೆತಿರುತ್ತದೆ, ಕಳೆಯುವ ಲೆಕ್ಕದ ದಶಕ ಮರೆತಿರುತ್ತದೆ. ಆದ್ದರಿಂದ ಹೊಸ ಪಾಠಕ್ಕೆ ಮೊದಲು ಹಿಂದಿನ ವರ್ಷದ ಕಲಿಕೆಯನ್ನು ನೆನಪಿಸುವ ಸೇತುಬಂಧ ನಡೆಯುತ್ತದೆ. ಹುಣಸೆಬೀಜ ಎಣಿಸಿ, ಹತ್ತು ಹತ್ತು ಕಡ್ಡಿಗಳ ಕಟ್ಟು ಕಟ್ಟಿ, ಕಟ್ಟು ಬಿಚ್ಚಿ ದಶಕ ಬಿಡಿಗಳನ್ನು ಮತ್ತೆ ಮನದಟ್ಟು ಮಾಡಿಸಲಾಗುತ್ತದೆ. ಕಲಿಯಬೇಕಾದದ್ದನ್ನು ಹಂತ ಹಂತವಾಗಿ ತೋರಿಸುವ ಕಲಿಕಾ ಏಣಿಯಲ್ಲಿ ಮಗು ಕಳೆದ ವರ್ಷ ಯಾವ ಮೆಟ್ಟಿಲಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ಶಿಕ್ಷಕರ ನೆರವು ಬೇಕಾದವರು ಗುಂಪಿನ ಗುರುತಿನ ಒಂದು ತಟ್ಟೆಯ ಸುತ್ತ, ಗೆಳೆಯರ ನೆರವು ಸಾಕಾದವರು ಇನ್ನೊಂದರ ಸುತ್ತ, ತಾನೇ ಕಲಿಯಬಲ್ಲವರು ಮತ್ತೊಂದರ ಸುತ್ತ ಕೂರುತ್ತಾರೆ. ಈ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ, ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿವ್ಯಾಲಿ ಶಾಲೆಯ ಪ್ರಯೋಗವನ್ನು ನೋಡಿ ಬಂದ ನಮ್ಮದೇ ಪ್ರಾಥಮಿಕ ಶಾಲಾ ಶಿಕ್ಷಕರ ಕೈಯಲ್ಲಿ ರೂಪುಗೊಂಡಿತು. 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳಿಗೆ ಬಂತು. ಹೆಗ್ಗಡದೇವನಕೋಟೆ ಕಾಡಂಚಿನ ಬುಡಕಟ್ಟು ಹಾಡಿಗಳ ಮಕ್ಕಳೂ ಇದ್ದ ತಾಲ್ಲೂಕು. ಮನೆಯಲ್ಲಿ ಲಂಬಾಣಿ, ತೆಲುಗು, ಉರ್ದು, ತುಳು ಅಥವಾ ಜೇನುಕುರುಬರ ನುಡಿ ಆಡುವ ಮಗುವಿಗೆ ಶಾಲೆಯ ಕನ್ನಡ ಮೊದಮೊದಲು ಪರಕೀಯವೇ. ಮಾತು, ಹಾಡು, ಕಥೆಗಳ ಈ ವಾರಗಳನ್ನು ಕಿತ್ತುಕೊಂಡರೆ ಮೊದಲು ಹಿಂದೆ ಬೀಳುವುದು ಆ ಮಗುವೇ.

ಇಷ್ಟು ಎಚ್ಚರದಿಂದ ಕಟ್ಟಿದ ವ್ಯವಸ್ಥೆ ಕೆಡುವುದು ಎಲ್ಲಿ ಎಂಬುದನ್ನೂ ಹೇಳಬೇಕು. ಒಬ್ಬರೋ ಇಬ್ಬರೋ ಶಿಕ್ಷಕರಿರುವ ಶಾಲೆಯಲ್ಲಿ ಜೂನ್ ತಿಂಗಳೆಂದರೆ ದಾಖಲಾತಿ, ಆನ್‌ಲೈನ್‌ನಲ್ಲಿ ಮಕ್ಕಳ ವಿವರ ತುಂಬುವುದು, ಆಧಾರ್ ಹೊಂದಾಣಿಕೆ, ಪಠ್ಯಪುಸ್ತಕ ಮತ್ತು ಸಮವಸ್ತ್ರ ತರಲು ಓಡಾಟ, ಅದರ ನಡುವೆ ತರಬೇತಿ. ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ಎಷ್ಟೋ ಕಡೆ ಸೇತುಬಂಧವೇ ಮುಗಿದಿರುತ್ತದೆ. ದೊಡ್ಡ ತರಗತಿಯ ಮಕ್ಕಳು ಶಿಕ್ಷಕರಿಲ್ಲದ ದಿನ ಪುಸ್ತಕ ಹಿಡಿದು ಕೂರಬಲ್ಲರು. ಆರು ವರ್ಷದ ಮಗು ಕೂರಲಾರದು. ಎರಡು ದಿನ ಟೀಚರ್ ಬರದಿದ್ದರೆ ಮೂರನೇ ದಿನ ಶಾಲೆಗೆ ಹೋಗುವುದಿಲ್ಲವೆಂದು ಅಳುವ ವಯಸ್ಸು ಅದು. ಇನ್ನೊಂದೆಡೆ ಸೇತುಬಂಧದ ಪೂರ್ವ ಪರೀಕ್ಷೆ, ಸಾಫಲ್ಯ ಪರೀಕ್ಷೆಗಳ ಹಾಳೆಗಳನ್ನು ಕಡತಕ್ಕೆ ಸೇರಿಸುವುದೇ ಮುಖ್ಯವಾಗಿ, ಯಾವ ಮಗುವಿಗೆ ಏನು ಬರಲಿಲ್ಲ ಎಂದು ಕಂಡುಕೊಂಡು ಮತ್ತೆ ಕಲಿಸುವ ಕೆಲಸ ಹಿಂದೆ ಸರಿಯುತ್ತಿದೆ. ಇದು ಶಿಕ್ಷಕರ ಸೋಮಾರಿತನವಲ್ಲ. ಕೇಳುವವರು ಕಡತವನ್ನೇ ಕೇಳುತ್ತಾರೆ.

ಆದ್ದರಿಂದ ಇಲಾಖೆಯಲ್ಲಿ ನನ್ನ ಕಳಕಳಿಯ ಮನವಿ ಇಷ್ಟು. ನಲಿಕಲಿ ಶಿಕ್ಷಕರ ತರಬೇತಿಗಳು ಶಾಲೆ ತೆರೆಯುವ ಮೊದಲೇ ಮುಗಿಯಲಿ. ಆಗಸ್ಟ್ ಕೊನೆಯವರೆಗೆ ಅವರನ್ನು ತರಗತಿಯಿಂದ ಹೊರಗೆ ಕರೆಯಬಾರದು. ಹರಿದ ಕಾರ್ಡುಗಳ ಬದಲಿಗೆ ಹೊಸವು ಪಠ್ಯಪುಸ್ತಕದ ಜೊತೆಯಲ್ಲೇ ಬರಲಿ, ಅತಿಥಿ ಶಿಕ್ಷಕರ ನೇಮಕ ಜೂನ್ ಮೊದಲ ವಾರಕ್ಕೆ ಆಗಲಿ. ಭೇಟಿಗೆ ಬರುವ ಅಧಿಕಾರಿಗಳು ನೋಟ್‌ಬುಕ್ ತೆರೆಯುವ ಮೊದಲು ಮಕ್ಕಳ ಜೊತೆ ಗುಂಡುಮೇಜಿನ ಬಳಿ ಕುಳಿತು ಹತ್ತು ನಿಮಿಷ ಮಾತನಾಡಲಿ. ಪೋಷಕರೂ ಸಂಜೆ ಮಗುವನ್ನು ‘ಇವತ್ತು ಏನು ಬರೆಸಿದರು’ ಎಂದು ಕೇಳುವ ಬದಲು ‘ಇವತ್ತು ಯಾವ ಕಥೆ ಹೇಳಿದರು, ನನಗೂ ಹೇಳು’ ಎಂದು ಕೇಳಲಿ, ಮಗು ಹೇಳಿ ಮುಗಿಸುವವರೆಗೆ ಕೇಳಿಸಿಕೊಳ್ಳಲಿ. ಟಿ.ಸಿ. ಪಡೆಯುವ ಯೋಚನೆ ಇದ್ದರೆ ಕನಿಷ್ಠ ಸೆಪ್ಟೆಂಬರ್‌ವರೆಗೆ ಕಾದು, ಒಂದು ದಿನ ತರಗತಿಯಲ್ಲಿ ಕುಳಿತು ನೋಡಿ ಆಮೇಲೆ ತೀರ್ಮಾನಿಸಲಿ.

— ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಮೈಸೂರು ಜಿಲ್ಲೆ