ಕಿವಿ ಕ್ಲಿಪ್ ನಂಬಿ ಮಾತ್ರೆ ಬಿಡಬೇಡಿ

ಸಂಪಾದಕರೇ,

ನಮ್ಮ ಕೊಡಗಿನ ವಾಟ್ಸಾಪ್ ಗ್ರೂಪುಗಳಲ್ಲಿ ಈಗ ಒಂದು ವಿಡಿಯೋ ಓಡಾಡ್ತಿದೆ, ಕಿವಿಗೆ ಕ್ಲಿಪ್ ಹಾಕ್ಕೊಂಡು ವೇಗಸ್ ನರಕ್ಕೆ ಸಣ್ಣಗೆ ಕರೆಂಟ್ ಕೊಟ್ರೆ ಕೀಲು ಊದಿ ನೋಯೋ ರುಮಟಾಯ್ಡ್ ಸಂಧಿವಾತ ಮಾಯ ಅಂತ. ಮಳೆಗಾಲದಲ್ಲಿ ಬೆಳಿಗ್ಗೆ ಬೆರಳು ಮಡಚೋಕಾಗದೆ ಬಿಸಿನೀರಲ್ಲಿ ಕೈ ಅದ್ದಿಕೊಂಡು ಕೂರೋ ನಮ್ಮ ಚಿಕ್ಕಮ್ಮನಂಥೋರು ಇದನ್ನ ನೋಡಿ ಆಸೆ ಪಡದೆ ಇರ್ತಾರಾ?

ವಿಷಯ ಪೂರ್ತಿ ಬುರುಡೆ ಏನಲ್ಲ. ಮೆದುಳಿಂದ ಕತ್ತಿನ ಮೂಲಕ ಹೊಟ್ಟೆವರೆಗೆ ಇಳಿಯೋ ಈ ನರವನ್ನ ಪ್ರಚೋದಿಸಿದ್ರೆ ಉರಿಯೂತ ಹೆಚ್ಚಿಸೋ ಟಿಎನ್‌ಎಫ್ ಪ್ರೋಟೀನ್ ಕಮ್ಮಿಯಾಗುತ್ತೆ ಅಂತ ಅಮೆರಿಕದ ವಿಜ್ಞಾನಿ ಕೆವಿನ್ ಟ್ರೇಸಿ ತಂಡ 2000ದಲ್ಲೇ ಇಲಿಗಳಲ್ಲಿ ತೋರಿಸಿತ್ತು. 2025ರ ಜುಲೈನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಸೆಟ್‌ಪಾಯಿಂಟ್ ಅನ್ನೋ ಸಾಧನಕ್ಕೆ ಒಪ್ಪಿಗೆ ಕೊಟ್ಟಿದೆ, ಆದ್ರೆ ಅದು ಕಿವಿ ಕ್ಲಿಪ್ಪಲ್ಲ ಸ್ವಾಮಿ, ಆಪರೇಷನ್ ಮಾಡಿ ಕತ್ತಿನೊಳಗೆ ನರದ ಮೇಲೇ ಕೂರಿಸೋದು, ದಿನಕ್ಕೆ 1 ನಿಮಿಷ ಕೆಲಸ ಮಾಡುತ್ತೆ, ಅದೂ ಉರಿಯೂತ ತಗ್ಗಿಸೋ ಬಯೊಲಾಜಿಕ್ ಅನ್ನೋ ಇಂಜೆಕ್ಷನ್‌ಗಳಿಂದ ಸಾಕಷ್ಟು ಗುಣ ಕಾಣದೋರಿಗೆ ಇಲ್ಲಾ ಅವು ಒಗ್ಗದೋರಿಗೆ. ಈ ಸಾಧನದ 242 ಜನರ ಟ್ರಯಲ್‌ನಲ್ಲಿ 3 ತಿಂಗಳಿಗೆ ನಿಗದಿಪಡಿಸಿದ ಮಟ್ಟಿಗೆ ಸುಧಾರಿಸಿದ್ದು ನೂರಕ್ಕೆ ಸುಮಾರು 35 ಜನ, ಸಾಧನ ಕೂರಿಸಿಯೂ ಕರೆಂಟ್ ಕೊಡದೆ ಬಿಟ್ಟೋರಲ್ಲೇ ನೂರಕ್ಕೆ ಸುಮಾರು 24 ಜನ. ಲಾಭ ಇದೆ, ಪವಾಡ ಇಲ್ಲ.

ನನಗೆ ಭಯ ಇರೋದು, ಕ್ಲಿಪ್ ಸಿಕ್ತಲ್ಲ ಅಂತ ಈ ಕಾಯಿಲೆಗೆ ಕೊಡೋ ಮೆಥೊಟ್ರೆಕ್ಸೇಟ್ ಮಾತ್ರೆ ನಿಲ್ಲಿಸೋರ ಬಗ್ಗೆ, ಯಾಕಂದ್ರೆ ಒಮ್ಮೆ ಸವೆದ ಕೀಲು ವಾಪಸ್ ಮೊದಲಿನಂತೆ ಆಗಲ್ಲ. ಮಡಿಕೇರಿಯಲ್ಲಿ ತಿಂಗಳಿಗೊಮ್ಮೆ ಆದ್ರೂ ರುಮಟಾಲಜಿ (ಸಂಧಿವಾತ ತಜ್ಞರ) ಕ್ಯಾಂಪ್ ನಡೆಸಿದ್ರೆ, ಚಿಕ್ಕಮ್ಮನಂಥೋರು ನೋಯೋ ಮಂಡಿ ಇಟ್ಕೊಂಡು ಮೈಸೂರು ಬಸ್ ಹತ್ತೋದಾದ್ರೂ ತಪ್ಪುತ್ತೆ.

– ಓದುಗ, ವಿರಾಜಪೇಟೆ