ಸುಧಾಳ ಮಾತ್ರೆ ನಿಲ್ಲಿಸಬೇಡ ಅಮ್ಮ

ಗ್ಲಾಸ್ಗೋ, ಡಿಸೆಂಬರ್ 9

ಅಮ್ಮನಿಗೆ ನಮಸ್ಕಾರ. ನಾನು ಕ್ಷೇಮ. ಅಪ್ಪನ ಮಂಡಿನೋವು ಹೇಗುಂಟು? ಪಾರ್ಸೆಲ್ ಬಂತು, ಹಪ್ಪಳ ಒಂದೂ ಪುಡಿಯಾಗಿಲ್ಲ.

ಅದರೊಳಗಿದ್ದ ನಿನ್ನ ಕಾಗದ ಓದಿ ನಿದ್ದೆ ಬರಲಿಲ್ಲ. ಸುಧಾಳ ಮಾತ್ರೆ ಹನ್ನೆರಡೇ ದಿನಕ್ಕೆ ಯಾಕೆ ನಿಲ್ಲಿಸಿದ್ದು? ವಾಕರಿಕೆ ಬಂತು, ಗುಣ ಕಾಣಲಿಲ್ಲ ಅಂತ ಬರೆದಿದ್ದೀ. ಅದು ಜ್ವರದ ಮದ್ದಲ್ಲ ಅಮ್ಮ. ಮನಸ್ಸು ಕುಗ್ಗಿದ್ದಕ್ಕೆ ಕೊಡುವ ಮಾತ್ರೆ ಅದು, ಎಸಿಟಲೋಪ್ರಾಮ್, ಹಿಡಿಯಲಿಕ್ಕೆ ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಆರು ವಾರವೂ. ವಾಕರಿಕೆ ಮಾತ್ರ ಮೊದಲ ವಾರವೇ ಬರುತ್ತದೆ, ಹೆಚ್ಚಿನವರಿಗೆ ತಾನಾಗಿ ಹೋಗುತ್ತದೆ. ನನಗೂ ಹಾಗೇ ಆಗಿತ್ತು.

ಹೌದು, ನನಗೂ. ಫೋನಿನಲ್ಲಿ ಹೇಳಲಿಕ್ಕೆ ಬಾಯಿ ಬರಲಿಲ್ಲ. ಫೆಬ್ರವರಿಯಿಂದ ಅದೇ ಜಾತಿಯ ಮದ್ದು, ಸರ್ಟ್ರಲಿನ್ 50 ಮಿಲಿಗ್ರಾಂ, ದಿನಾ ತಿಂಡಿಯಾದ ಮೇಲೆ ಒಂದು. ಕುಚ್ಚಲಕ್ಕಿ ಡಬ್ಬದ ಪಕ್ಕದಲ್ಲೇ ಇಟ್ಟಿದ್ದೇನೆ. ಮನಸ್ಸು ಎಷ್ಟು ಕುಗ್ಗಿದೆ ಅಂತ ನೋಡಲಿಕ್ಕೆ ಇಲ್ಲಿ ಡಾಕ್ಟರು ಒಂಬತ್ತು ಪ್ರಶ್ನೆಯ ಹಾಳೆ ಕೊಟ್ಟು 27ಕ್ಕೆ ಮಾರ್ಕು ಹಾಕುತ್ತಾರೆ. ಜಾಸ್ತಿ ಬಂದಷ್ಟೂ ಕಷ್ಟ. ಆಗ ನನಗೆ 18, ಈಗ 5. ಸ್ಕಾಟ್ಲೆಂಡಿನಲ್ಲಿ 2011ರಿಂದ ಡಾಕ್ಟರು ಬರೆದ ಮದ್ದಿಗೆ ದುಡ್ಡು ಕೊಡಲಿಕ್ಕಿಲ್ಲ, ಖರ್ಚಿನ ಚಿಂತೆ ಬೇಡ.

ಮಾತ್ರೆ ಒಂದೇ ಅಲ್ಲ, ವಾರಕ್ಕೊಮ್ಮೆ ಥೆರಪಿಗೂ ಹೋದೆ. ಹೆದರಿಕೆ ಬಂದದ್ದನ್ನು ಬರೆ, ಆಮೇಲೆ ನಿಜವಾಗಿ ನಡೆದದ್ದನ್ನು ಪಕ್ಕದಲ್ಲಿ ಬರೆ ಅಂದರು. ನನ್ನ ಪುಸ್ತಕದಲ್ಲಿ ಉಂಟು: 'ಅಮ್ಮ ಮೂರು ಸಲವೂ ಫೋನ್ ಎತ್ತಲಿಲ್ಲ, ಅಪ್ಪನಿಗೆ ಏನೋ ಆಗಿದೆ.' ಪಕ್ಕದಲ್ಲಿ: 'ಅಮ್ಮ ರಥಬೀದಿಯಲ್ಲಿ ಉತ್ಸವ ನೋಡುತ್ತಿದ್ದಳು.' ಮಾತ್ರೆ ಹಿಡಿದು ಎದೆ ಡವಡವ ಇಳಿದ ಮೇಲೆಯೇ ನನಗೆ ಹೀಗೆ ಕೂತು ಬರೆಯಲಿಕ್ಕೆ ಆದದ್ದು. ಸುಧಾಳಿಗೂ ಎರಡೂ ಮಾಡಿಸು.

ಇದು ಚಟ ಹಿಡಿಸುವ ಮದ್ದಲ್ಲ. ಆದರೆ ಪಕ್ಕನೆ ಬಿಟ್ಟರೆ ತಲೆ ತಿರುಗುತ್ತದೆ, ಮೈಯಲ್ಲಿ ಶಾಕ್ ಹೊಡೆದ ಹಾಗಾಗುತ್ತದೆ. ಗುಣವಾದ ಮೇಲೂ ಆರು ತಿಂಗಳಾದರೂ ತಗೊಂಡು, ಡಾಕ್ಟರು ಹೇಳಿದ ಹಾಗೆ ನಿಧಾನಕ್ಕೆ ಇಳಿಸಬೇಕು. ನಾಳೆಯೇ ಕರೆದುಕೊಂಡು ಹೋಗು, ಪುನಃ ಹೇಗೆ ಶುರು ಮಾಡುವುದೆಂದು ಅವರೇ ಹೇಳಲಿ. ಅವಳ ಪ್ರಾಯದ ಕೆಲವರಿಗೆ ಮೊದಲ ವಾರಗಳಲ್ಲಿ ಮನಸ್ಸು ಇನ್ನೂ ಕುಗ್ಗುವುದುಂಟು. ರಾತ್ರಿ ಅವಳ ಜೊತೆಗೇ ಮಲಗು. ಸಾಯುವ ಮಾತು ಬಂದರೆ ಆ ಗಳಿಗೆಯೇ ಆಸ್ಪತ್ರೆಗೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗೆ ಫೋನ್ ಮಾಡಿದರೂ ಕನ್ನಡದಲ್ಲಿ ಮಾತಾಡುತ್ತಾರೆ.

ಮದುವೆಯಾದರೆ ಸರಿಹೋಗುತ್ತದೆ ಅನ್ನುವ ದೊಡ್ಡಮ್ಮನ ಮಾತು ಕೇಳಬೇಡ. ಕುಂದಾಪುರದವರು ಕಾಯಲಿ. ಅವರಿಗೆ ಏನು ಹೇಳುವುದೆಂದು ಸುಧಾಳೇ ಹೇಳಲಿ. ಕಟೀಲಿನಲ್ಲಿ ಹೂವಿನ ಪೂಜೆ ಖಂಡಿತ ಮಾಡಿಸು, ದುಡ್ಡು ನಾನು ಕಳಿಸುತ್ತೇನೆ, ಮಾತ್ರೆಯೂ ನಡೆಯಲಿ.

ನಾನು ಚೆನ್ನಾಗಿದ್ದೇನೆ, ಊಟ ಸರಿಯಾಗಿ ಮಾಡುತ್ತೇನೆ, ನಿದ್ದೆಯೂ ಬರುತ್ತದೆ, ನಿನ್ನಾಣೆ. ಮೂರೂಮುಕ್ಕಾಲಿಗೇ ಇಲ್ಲಿ ಕತ್ತಲು, ಬಸ್ಸು ಬಂತು. ಇದರ ಫೋಟೋ ಈಗಲೇ ವಾಟ್ಸಾಪಿನಲ್ಲಿ ಹಾಕುತ್ತೇನೆ, ಸುಧಾಳಿಗೂ ಓದಲಿಕ್ಕೆ ಕೊಡು.

ನಿನ್ನ ಶುಭಾ