ಏಕತಾರಿ ಕಲಿಸುವವರು ಬೇಕು

ಮಾನ್ಯರೇ,

ಟಿ.ಎಸ್. ನಾಗಾಭರಣ ಅವರ ನಿರ್ದೇಶನದ, ಸಿ. ಅಶ್ವತ್ಥ್ ಅವರ ಸಂಗೀತದ ‘ಸಂತ ಶಿಶುನಾಳ ಶರೀಫ’ (1990) ಚಿತ್ರವನ್ನು ಈಚೆಗೆ ಮನೆಮಂದಿಯೆಲ್ಲ ಕುಳಿತು ಮತ್ತೊಮ್ಮೆ ನೋಡಿದೆವು. ಅದುವರೆಗೆ ತತ್ವಪದ ಕೇಳಿ ತಲೆದೂಗುವುದಷ್ಟೇ ಗೊತ್ತಿದ್ದ ನನ್ನ ಮಗಳು ಮರುದಿನವೇ ಅಜ್ಜನ ಕಾಲದ ಏಕತಾರಿಯನ್ನು ಅಟ್ಟದಿಂದ ಇಳಿಸಿ, ಸಡಿಲಾಗಿದ್ದ ತಂತಿಯನ್ನು ಬಿಗಿಯಲು ಹೋಗಿ ಕಡಿದೇಬಿಟ್ಟಳು. ಹೊಸ ತಂತಿ ಕೇಳಿದರೆ ವಾದ್ಯದ ಅಂಗಡಿಯವರು ಗಿಟಾರಿನದನ್ನು ಕೊಟ್ಟು ಕಳುಹಿಸಿದರು; ಸದ್ಯಕ್ಕೆ ಅದೇ ನುಡಿಯುತ್ತಿದೆ! ಇರುವುದು ಒಂದೇ ತಂತಿಯಾದರೂ ಅದನ್ನು ಹಾಡುವವರ ಶ್ರುತಿಗೆ ಕೂಡಿಸಿ, ತೋರುಬೆರಳಿನಿಂದ ಮೀಟುತ್ತ, ಲಯ ತಪ್ಪದಂತೆ ಪದ ಹೇಳುವುದು ಎಷ್ಟು ಕಷ್ಟವೆಂಬುದು ಏಕತಾರಿಯ ಬುರುಡೆಯನ್ನು ಕೈಯಲ್ಲಿ ಹಿಡಿದಾಗಲೇ ನಮಗೆ ತಿಳಿಯಿತು. ಭಜನಾ ಮೇಳಗಳ ಒಡನಾಟವಿಲ್ಲದ ಪಟ್ಟಣದ ಮಕ್ಕಳಿಗೆ ಇದನ್ನು ಕಲಿಯುವ ದಾರಿ ಸುಲಭವಾಗಿ ಸಿಗುತ್ತಿಲ್ಲ. ಸಿನಿಮಾ ಹುಟ್ಟಿಸಿದ ಆಸೆ ಆರುವ ಮುನ್ನವೇ ಕರ್ನಾಟಕ ಜಾನಪದ ಅಕಾಡೆಮಿಯು ಹಾವೇರಿ, ಧಾರವಾಡ ಜಿಲ್ಲೆಗಳ ಹಿರಿಯ ತತ್ವಪದ ಗಾಯಕರನ್ನು ಕರೆಸಿ, ಬೇಸಿಗೆ ರಜೆಯಲ್ಲಿ ಏಕತಾರಿ ಮತ್ತು ಕೈಯಿಂದ ಬಾರಿಸುವ ಚರ್ಮವಾದ್ಯವಾದ ದಮ್ಮಡಿಗಳ ಹತ್ತು ದಿನಗಳ ಶಿಬಿರ ನಡೆಸಬೇಕೆಂದು ಕೋರುತ್ತೇನೆ. ಮೊದಲನೆಯದು ಶರೀಫರ ಶಿಶುನಾಳದಲ್ಲೇ ಆದರೆ ಇನ್ನೂ ಒಳ್ಳೆಯದು.

ಓದುಗ, ಹುಬ್ಬಳ್ಳಿ